ಮೂರನೆಯ ಪಾಲು

ನನಗೆ ಹಲ್ಲುನೋವು ಬಾರದೇ ಹೋಗಿದ್ದರೆ ಇದೊಂದೂ ಗೊತ್ತಾಗುತ್ತಿರಲಿಲ್ಲ. ಬಲಗಡೆಯ ದವಡೆ ಊದಿ, ಕೆನ್ನೆ ಕಡುಬಿನಂತಾಗಿ, ಎರಡು ದಿನ ಬಾಯಿ ತೆರೆಯಲಾಗದೆ ಒದ್ದಾಡಿದ ಮೇಲೆ ಹೆಂಡತಿ ಮಹಾನಂದಾ ನನ್ನನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ನಮ್ಮ ಊರಿನ ಆಸ್ಪತ್ರೆ ಗುಡ್ಡದ ನೆತ್ತಿಯ ಮೇಲಿದೆ. ಔಷಧದ ಉಗ್ರಾಣ ಕೆಳಗೆ ಅಗಸಿಬಾಗಿಲಿನ ಹತ್ತಿರ ಇದೆ. ನಡುವೆ ಸಾವಿರದ ಮುನ್ನೂರು ಮೆಟ್ಟಿಲು. ಯಾವ ಮಹಾನುಭಾವ ಹೀಗೆ ಕಟ್ಟಿಸಿದನೋ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕಂಪೌಂಡರ್ ಶೆಟ್ಟೆಪ್ಪ ನನ್ನ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಮಾತ್ರೆಯ ಹಾಳೆಯೊಂದನ್ನು ಕೈಗಿಟ್ಟ. "ಚಂದ್ರಾಮಣ್ಣ, ಐದು ದಿನ ತಗೋ. ಆದ್ರ ತಿಳಕೊಂಡು ತಗೋ. ಇವು ಹಲ್ಲಿನ ಕೀವು ಅಷ್ಟ ಕೊಲ್ಲೂದಿಲ್ಲ, ಹೊಟ್ಟಿಯೊಳಗಿನ ಮೊಸರನ್ನೂ ಕೊಲ್ತಾವ. ಐದು ದಿನ ನೀ ಒಂಟಿ" ಎಂದ. ಶೆಟ್ಟೆಪ್ಪ ಹೊರಊರಿನವನು. ಹನ್ನೆರಡು ವರ್ಷದಿಂದ ನಮ್ಮ ಮನೆಮನೆಯ ಮೊಸರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾನೆ, ಬ್ಯಾಕ್ಟೀರಿಯಾ ಅನ್ನುತ್ತಾನೆ, ಒಂದೊಂದು ಮನೆಯದು ಒಂದೊಂದು ವಂಶ ಅನ್ನುತ್ತಾನೆ. ನಾವು ಹೂಂ ಅನ್ನುತ್ತೇವೆ.

ಒಂದೇ ಹೆಪ್ಪಿನ ಮೊಸರು ಉಣ್ಣುವವರ ದಣಿವು ನಮ್ಮಲ್ಲಿ ಒಂದೇ. ಯಾರಾದರೂ ಕಟ್ಟಿಗೆ ಒಡೆಯಲಿ, ಕೊಡ ಹೊರಲಿ, ಮೆಟ್ಟಿಲು ಹತ್ತಲಿ, ಆ ದಣಿವು ಆ ಗಡಿಗೆಯಿಂದ ಉಂಡವರಿಗೆಲ್ಲ ಸಮಪಾಲು. ಹನ್ನೆರಡು ಜನರ ಮನೆಯಲ್ಲಿ ಒಬ್ಬ ದಿನವಿಡೀ ಕಲ್ಲು ಒಡೆದರೂ ಸಂಜೆ ಶಿಳ್ಳೆ ಹಾಕುತ್ತ ಬರುತ್ತಾನೆ. ಮೂಲೆಯಲ್ಲಿ ಕೂತ ಅಜ್ಜಿ ಮಾತ್ರ "ಇವತ್ತ ಯಾವನಪ್ಪಾ ಇಷ್ಟ ದುಡದಾವ" ಎಂದು ಸೊಂಟ ಒತ್ತಿಕೊಂಡು ಬೈಯುತ್ತಾಳೆ. ಹೀಗಾಗಿ ನಾವು ಅಕ್ಕಿ ಕೊಡುತ್ತೇವೆ, ಎಣ್ಣೆ ಕೊಡುತ್ತೇವೆ, ಬೇಕಿದ್ದರೆ ಮಗುವನ್ನೂ ನಾಲ್ಕು ದಿನ ಇಟ್ಟುಕೊಳ್ಳಲು ಕೊಡುತ್ತೇವೆ, ಹೆಪ್ಪು ಮಾತ್ರ ಕೊಡುವುದಿಲ್ಲ. ಸೊಸೆಯಾಗಿ ಬಂದವಳು ನಲವತ್ತು ದಿನ ತವರಿನ ಮೊಸರು ಉಂಡು, ಆಮೇಲೆ ಆ ಗಡಿಗೆ ತೊಳೆದಿಟ್ಟು, ಗಂಡನ ಮನೆಯ ಮೊಸರಿಗೆ ಕೈಹಾಕುತ್ತಾಳೆ. ಮಹಾನಂದಾ ಹಾಗೆಯೇ ನಮ್ಮ ಗಡಿಗೆಗೆ ಬಂದಳು. ಮಕ್ಕಳಾಗಲಿಲ್ಲ. ಮನೆಯಲ್ಲಿ ಎರಡೇ ಹೊಟ್ಟೆ, ನಾನು ಮತ್ತು ಅವಳು.

ಆ ದಿನಗಳಲ್ಲಿ ಅವಳು ಓಟದ ಹುಚ್ಚು ಹಿಡಿಸಿಕೊಂಡಿದ್ದಳು. ಕೆಳಗಿನ ಉಗ್ರಾಣದಿಂದ ಮೇಲಿನ ಆಸ್ಪತ್ರೆಗೆ ಔಷಧದ ಪೆಟ್ಟಿಗೆ ಹೊತ್ತು ಓಡುವವರು ಊರಿಗೆ ಒಬ್ಬರೇ. ಅವರು ಬಿಡುವವರೆಗೆ ಇನ್ನೊಬ್ಬರಿಗೆ ಆ ಕೆಲಸವಿಲ್ಲ. ಹತ್ತೊಂಬತ್ತು ವರ್ಷ ಓಡಿದ ಯಮನೂರಪ್ಪ ಈ ಸಲ ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟ. ಸುಗ್ಗಿ ಮುಗಿದ ಮೇಲೆ ಆಯ್ಕೆಯ ಓಟ ಎಂದು ಡಂಗುರ ಹೊಡೆದರು. ಮೂವತ್ತೈದು ದಾಟಿದವರು ಓಡುವಂತಿಲ್ಲ, ಮಹಾನಂದಾಳಿಗೆ ಮೂವತ್ನಾಲ್ಕು ಮುಗಿಯುತ್ತ ಬಂದಿತ್ತು. "ಈ ಸಲ ಬಿಟ್ರ ಮುಂದಿನದಕ್ಕ ನಾ ಮುದುಕಿ. ಕುಂತು ಕುಂತು ನನಗ ಬೇರು ಬಂದಾವ್ರಿ, ಓಡ್ತೇನಿ" ಎಂದಳು. ನಾನು ದರ್ಜಿ, ಹೊಲಿಗೆಯಂತ್ರದ ಮುಂದೆ ಕೂತಿರುವುದೇ ಕೆಲಸ. ಅವಳ ಅರ್ಧ ದಣಿವು ಹೊರಲು ನನಗಿಂತ ಒಳ್ಳೆಯ ಗಂಡ ಯಾರಿಗೆ ಸಿಗುತ್ತಾನೆ ಎಂದು ನಾನೂ ಒಪ್ಪಿದೆ.

ಮಾತ್ರೆ ತಿಂದ ಎರಡನೆಯ ದಿನ ನನ್ನ ಮೈ ಹಗುರವಾಯಿತು. ಅವಳು ಬೆಳಗ್ಗೆ ನಾಲ್ಕು ಸಲ ಮೆಟ್ಟಿಲು ಹತ್ತಿಳಿದು ಬಂದರೂ ನನ್ನ ತೊಡೆಗೆ ಏನೂ ತಿಳಿಯಲಿಲ್ಲ. ನನ್ನ ಪಾಲೂ ಅವಳ ಮೇಲೆಯೇ ಬೀಳುತ್ತದಲ್ಲ ಎಂದು ಕನಿಕರಪಟ್ಟು ಬಿಸಿನೀರು ಕಾಯಿಸಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ಮಾತ್ರಿ ನುಂಗೀರೇನು?"

"ನುಂಗೇನಿ. ಯಾಕ?"

"ಸುಳ್ಳು. ನೀವು ನುಂಗಿಲ್ಲ. ಪೂರಾ ದಣಿವು ನನಗ ಬರಬೇಕಿತ್ತು, ಬಂದಿಲ್ಲ. ಅರ್ಧಾನ ಬಂದೈತಿ."

ನಾನು ಎರಡು ದಿನದ ಮಾತ್ರೆ ಖಾಲಿಯಾದ ಹಾಳೆ ತೋರಿಸಿದೆ. ಅವಳು ನನ್ನ ನಾಲಿಗೆ ಎತ್ತಿಸಿ ನೋಡಿದಳು. ಮರುದಿನ ತನ್ನೆದುರೇ ನುಂಗಿಸಿ, ಹೋಗಿ ಮತ್ತೆ ನಾಲ್ಕು ಸಲ ಹತ್ತಿ ಬಂದಳು. ಅರ್ಧವೇ. ನಾನು ಒಂಟಿಯಾಗಿದ್ದೆ, ಅವಳು ಒಂಟಿಯಾಗಿರಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಒಬ್ಬನನ್ನು ಕಳೆದರೆ ಒಬ್ಬಳು ಉಳಿಯಬೇಕು. ನಾವು ಎಷ್ಟು ಸಲ ಕಳೆದರೂ ಇಬ್ಬರು ಉಳಿಯುತ್ತಿದ್ದರು. ನನ್ನ ತಲೆ ಮೊಸರುಗಡಿಗೆಯಾಯಿತು.

ಆಗ ಇನ್ನೊಂದು ವಿಷಯ ಹೊರಬಿತ್ತು. ಮದುವೆಗೆ ಮೊದಲಿನಿಂದಲೂ ಪ್ರತಿದಿನ ಬೆಳಗ್ಗೆ ಎಂಟರ ಸುಮಾರಿಗೆ ನನ್ನ ಭುಜಗಳು ಜಗ್ಗಿದಂತಾಗಿ ನೋಯುತ್ತಿದ್ದವು. ಮೊದಮೊದಲು ಹೊಲಿಗೆಯ ನೋವೆಂದುಕೊಂಡಿದ್ದೆ, ಮದುವೆಯಾದ ಮೇಲೆ ಹೆಂಡತಿ ಹಿತ್ತಲಲ್ಲಿ ಏನೋ ದುಡಿಯುತ್ತಾಳೆ, ಪಾಪ, ಹೇಳಿಕೊಳ್ಳುವುದಿಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದೆ. ಅವಳಿಗೂ ಅದೇ ಹೊತ್ತಿಗೆ ಅದೇ ನೋವು. ಗಂಡ ಹೊಲಿಗೆ ಬಿಟ್ಟು ಕದ್ದು ಗರಡಿಗೆ ಹೋಗುತ್ತಾನೆ ಎಂದು ಅವಳ ಗುಮಾನಿ.

"ನಾನು ಗರಡಿಗೆ? ಈ ಹೊಟ್ಟಿ ಇಟ್ಕೊಂಡು?"

"ಅದಕ್ಕ ಹೋಗತೀರಿ ಅಂದುಕೊಂಡಿದ್ದೆ" ಎಂದಳು. ಹನ್ನೊಂದು ವರ್ಷ ಒಬ್ಬರ ಮೇಲೊಬ್ಬರು ಇಟ್ಟುಕೊಂಡಿದ್ದ ಕನಿಕರ, ಗುಮಾನಿ ಎರಡೂ ಒಂದೇ ಬೆಳಗ್ಗೆ ನೀರಿಗೆ ಬಿದ್ದವು. ಹಾಗಾದರೆ ಎಂಟು ಗಂಟೆಗೆ ದುಡಿಯುತ್ತಿದ್ದವರು ಯಾರು? ನಮ್ಮ ಮೊಸರು ಯಾರ ಹೊಟ್ಟೆಯಲ್ಲಿದೆ?

ಮೊದಲು ಪಕ್ಕದ ಮನೆಯ ಗುಂಡವ್ವನ ಮೇಲೆ ಸಂಶಯ ಹೋಯಿತು. ಎರಡು ದಿನ ಅವಳ ಹಿಂದೆ ಹಿಂದೆ ತಿರುಗಿದೆ. ಅವಳು ಎಂಟು ಗಂಟೆಗೆ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಮೂರನೆಯ ದಿನ "ಏನೋ ಚಂದ್ರಾಮ, ಈ ವಯಸ್ಸಿನ್ಯಾಗ ನನ್ನ ಬೆನ್ನ ಹತ್ತೀ?" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಳು. ಅವಮಾನದಿಂದ ಮನೆಗೆ ಬಂದು, ಮಹಾನಂದಾ ಹೆಪ್ಪು ಹಾಕುವುದನ್ನು ನೋಡುತ್ತ ಕೂತೆ. ಹೆಪ್ಪಿಗಾಗಿ ಅವಳು ಹಳೆಯ ಮೊಸರಿಗೆ ಚಮಚ ಇಳಿಸಿದಾಗ ಕೆನೆಯ ಮೇಲೆ ಒಂದು ಸಣ್ಣ ಕುಳಿ ಬಿತ್ತು. ಅಂಥದೇ ಕುಳಿಯನ್ನು ಹಿಂದೆ ಒಂದು ಬೆಳಗ್ಗೆ ನೋಡಿದ್ದು ನೆನಪಾಯಿತು.

ಹಂಪಕ್ಕನ ವಿಷಯ ನಾನು ಮಹಾನಂದಾಳಿಗೆ ಸರಿಯಾಗಿ ಹೇಳಿರಲಿಲ್ಲ. ಅಕ್ಕ ಇದ್ದಳು, ಎಲ್ಲೋ ಹೋದಳು, ಅಷ್ಟೇ ಅಂದಿದ್ದೆ. ಅವಳು ನನಗಿಂತ ಹದಿನೈದು ವರ್ಷ ದೊಡ್ಡವಳು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಹತ್ತೊಂಬತ್ತು ವರ್ಷದ ಹಿಂದೆ, ಯಮನೂರಪ್ಪ ಗೆದ್ದ ಆಯ್ಕೆಯ ಓಟದಲ್ಲಿ, ನಾನೂ ಓಡಿದ್ದೆ. ಓಟದ ದಿನ ಓಡುವವರ ಮನೆಮಂದಿಯೆಲ್ಲ ಚಾಪೆ ಹಾಸಿಕೊಂಡು ಮಲಗಬೇಕು. ಅವರು ಕಡ್ಡಿ ಎತ್ತಿಟ್ಟರೂ ಅದರ ಭಾರ ಓಡುವವನ ಕಾಲಿಗೆ. ನಾನು ಕೊನೆಯ ಏರಿನಲ್ಲಿ ಎಲ್ಲರಿಗಿಂತ ಮುಂದಿದ್ದೆ. ಸಾವಿರದ ಮೆಟ್ಟಿಲು ದಾಟಿದ್ದೇ ತಡ, ತೊಡೆಗಳು ಹಿಟ್ಟಿನ ಚೀಲದಂತಾಗಿ ಕುಸಿದೆ. ಪೆಟ್ಟಿಗೆ ಉರುಳಿ ಹೋಯಿತು. ಮನೆಗೆ ಬಂದರೆ ಚಾಪೆ ಖಾಲಿ. ಅಕ್ಕ ಸಂಜೆ ಬಂದಳು, ಸೀರೆಯೆಲ್ಲ ಒದ್ದೆ, ಮೊಣಕೈವರೆಗೆ ಕೆಸರು. ಏನೋ ಹೇಳಲು ಬಾಯಿ ತೆರೆದಳು. "ಬಾಯಿ ಬಿಡಬ್ಯಾಡ. ನನ್ನ ಕಾಲು ಮುರದಾಕಿ ನೀನ" ಎಂದು ಕೂಗಿದೆ. ಕೂಗಬಾರದ್ದನ್ನೆಲ್ಲ ಕೂಗಿದೆ. ಬೆಳಗ್ಗೆ ಎದ್ದಾಗ ಅವಳಿರಲಿಲ್ಲ. ಮೊಸರಿನ ಮೇಲೆ ಚಮಚದ ಕುಳಿ ಇತ್ತು. ಹಸಿದು ಒಂದು ತುತ್ತು ಉಂಡು ಹೋಗಿದ್ದಾಳೆ ಎಂದುಕೊಂಡಿದ್ದೆ. ಈಗ ಗೊತ್ತಾಯಿತು, ಅವಳು ಉಂಡಿರಲಿಲ್ಲ, ಕಟ್ಟಿಕೊಂಡು ಹೋಗಿದ್ದಳು.

ಹತ್ತೊಂಬತ್ತು ವರ್ಷ ಎಲ್ಲಿಯೋ ಕೂತು ಒಂದು ದಿನವೂ ತಪ್ಪದೆ ನಮ್ಮ ಹೆಪ್ಪನ್ನೇ ಹಾಕಿಕೊಂಡು ಬಂದಿದ್ದಾಳೆ. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ. ನಾನು ಹೊಲಿಯುವಾಗ, ಉಣ್ಣುವಾಗ, ಬೈದುಕೊಳ್ಳುವಾಗ ಅವಳ ಭುಜನೋವಿನ ಒಂದು ಪಾಲು ನನ್ನ ಭುಜದಲ್ಲಿಯೇ ಇತ್ತು. ಅವಳು ಅದನ್ನು ನನಗೆ ಶಿಕ್ಷೆಯೆಂದು ಕೊಟ್ಟಿದ್ದಳೋ, ನನ್ನ ದಣಿವು ಹೊರಲೆಂದು ಹೆಪ್ಪು ಇಟ್ಟುಕೊಂಡಿದ್ದಳೋ? ಎರಡಕ್ಕೂ ಒಂದೇ ಚಮಚ ಸಾಕು.

ಮಹಾನಂದಾ ಎಲ್ಲವನ್ನೂ ಕೇಳಿಸಿಕೊಂಡು ಓಟದ ಕಟ್ಟಳೆ ನೆನಪಿಸಿದಳು. ಓಟಕ್ಕೆ ಮೊದಲು ಬರೆಯುವ ಮನೆಮಂದಿಯ ಪಟ್ಟಿಯಲ್ಲಿ ಹೆಸರಿಲ್ಲದ ಹೊಟ್ಟೆ ಒಂದು ಸಿಕ್ಕರೂ ಓಡುವವರನ್ನು ಹೊರಗೆ ಹಾಕುತ್ತಾರೆ. ಹಿಂದೆ ಯಾರೋ ಊರ ಹೊರಗಿನ ಇಪ್ಪತ್ತು ಜನರಿಗೆ ಕದ್ದು ಮೊಸರು ಉಣಿಸಿ ಗೆದ್ದಿದ್ದರಂತೆ, ಆಗಿನಿಂದ ಈ ಕಟ್ಟಳೆ. ಆಮೇಲೆ ಅವಳು ಮೆಲ್ಲಗೆ ಅಂದಳು: "ಒಂದು ದಾರಿ ಐತಿ. ಮೆಣಸಿನಕಾಯಿ ತೊಟ್ಟು ಹಾಕಿ ಹೊಸಾ ಹೆಪ್ಪು ಮಾಡ್ತೇನಿ. ಓಟಕ್ಕ ಇನ್ನೂ ಐವತ್ತು ದಿನ ಐತಿ. ನಲವತ್ತು ದಿನದಾಗ ಹಳೇದು ಹೊಟ್ಟಿಯಿಂದ ಹೋಗ್ತೈತಿ. ಆಮ್ಯಾಲೆ ನಾವಿಬ್ಬರ. ಯಾರೂ ಬೆರಳು ಮಾಡೂಹಂಗಿಲ್ಲ."

"ಮತ್ತ ಅಕ್ಕ?"

"ಆಕಿ ದಣಿವು ಆಕಿಗೆ."

ಅವಳು ಕೆಟ್ಟದಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಆದರೂ ಐವತ್ತೆಂಟು ವರ್ಷದ ಹೆಂಗಸಿನ ಮೇಲೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಪೂರಾ ದಣಿವು ಬಿದ್ದರೆ ಏನಾಗುತ್ತಾಳೆ? ನಾನು ಸತ್ತೆನೆಂದು ತಿಳಿಯುತ್ತಾಳೆಯೇ? ನಾನು ಒಂಟಿಯಾಗಿದ್ದ ಆ ಐದು ದಿನ ಅವಳು ಏನೆಂದುಕೊಂಡಿದ್ದಾಳು?

ಮಾತ್ರೆ ಮುಗಿದು ವಾರ ಮೊಸರುಂಡ ಮೇಲೆ ನನ್ನ ಭುಜಕ್ಕೆ ಎಂಟು ಗಂಟೆಯ ನೋವು ವಾಪಸು ಬಂತು. ಅಂದು ಮಧ್ಯಾಹ್ನ, ಮಹಾನಂದಾ ಮಲಗಿದ್ದಾಗ, ಹಿತ್ತಲಿನ ಒರಳುಗುಂಡನ್ನು ಎತ್ತಿ ಇಳಿಸಿದೆ. ಉಸಿರು ಕಟ್ಟುವವರೆಗೆ ಎತ್ತಿದೆ, ನಿಲ್ಲಿಸಿದೆ, ಮತ್ತೆ ಎತ್ತಿದೆ. ಹಾಗೆ ಮೂರು ಸಲ. ನಾನಿದ್ದೇನೆ ಎಂದು ಹೇಳಲು ನನಗೆ ಬೇರೆ ದಾರಿ ತಿಳಿಯಲಿಲ್ಲ. "ನಿದ್ದಿ ಮಾಡಾಕ ಬಿಡ್ರಿ!" ಎಂದು ಒಳಗಿನಿಂದ ಮಹಾನಂದಾ ಕೂಗಿದಳು, ಅವಳಿಗೂ ಪಾಲು ಹೋಗಿತ್ತಲ್ಲ. ಮರುದಿನವೂ ಎತ್ತಿದೆ. ನಾಲ್ಕನೆಯ ಮಧ್ಯಾಹ್ನ ಒರಳುಗುಂಡಿಗೆ ಕೈಹಾಕುವ ಮೊದಲೇ ನನ್ನ ಭುಜ ಜಗ್ಗಿತು, ನಿಂತಿತು. ಜಗ್ಗಿತು, ನಿಂತಿತು. ಮತ್ತೊಮ್ಮೆ ಜಗ್ಗಿ ನಿಂತಿತು. ನಾನು ಒರಳಿನ ಪಕ್ಕದಲ್ಲೇ ಕೂತು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ.

"ಯಾವುದೋ ಬಾವ್ಯಾಗ ಮೂರು ಕೊಡ ನೀರು ಸೇದಿರಬಹುದು. ಅದಕ್ಕ ಇಷ್ಟ ಅಳೂದು?" ಎಂದು ಮಹಾನಂದಾ ಸೆರಗಿನಿಂದ ನನ್ನ ಮುಖ ಒರೆಸಿದಳು. ಇರಬಹುದು. ಆದರೆ ಅವಳು ಹೊಸ ಹೆಪ್ಪಿನ ಮಾತು ಮತ್ತೆ ಎತ್ತಲಿಲ್ಲ. ನಲವತ್ತು ದಿನದ ಗಡುವು ಹಾಗೆಯೇ ದಾಟಿ ಹೋಯಿತು.

ಓಟಕ್ಕೆ ಹತ್ತು ದಿನ ಇರುವಾಗ ಸಾತಪ್ಪ ಮಾಸ್ತರರು ಪಟ್ಟಿ ಬರೆಯಲು ಬಂದರು. ಓಡುವವರ ಪೆಟ್ಟಿಗೆಯ ಭಾರ ನಿರ್ಧಾರವಾಗುವುದು ಮನೆಯ ಹೊಟ್ಟೆಗಳ ಮೇಲೆ. ಒಂದು ಹೊಟ್ಟೆಗೆ ನಾಲ್ಕು ಕಿಲೋ. ಹತ್ತು ಜನರ ಮನೆಯವರು ನಲವತ್ತು ಕಿಲೋ ಹೊತ್ತು ಏದುಸಿರು ಬಿಡುತ್ತಾರೆ, ನಮ್ಮಂಥವರು ಎಂಟು ಕಿಲೋದಲ್ಲಿ ಓಡುತ್ತಾರೆ, ನ್ಯಾಯ ಸರಿಹೋಗುತ್ತದೆ. ಮಾಸ್ತರರು ಕನ್ನಡಕ ಏರಿಸಿ "ಎರಡು ಹೊಟ್ಟಿ, ಎಂಟು ಕಿಲೋ" ಎಂದು ತಾವೇ ಹೇಳಿಕೊಂಡು ಬರೆಯತೊಡಗಿದರು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು, ನಾನು ಸುಮ್ಮನೇ ಇದ್ದೆ, ಒಪ್ಪಿಕೊಳ್ಳುತ್ತೇನೆ.

"ಮೂರು ಬರೀರಿ ಮಾಸ್ತರ್ರ" ಎಂದಳು ಮಹಾನಂದಾ. "ಹಂಪವ್ವ. ನಮ್ಮ ನಾದಿನಿ."

ಮಾಸ್ತರರು ಲೇಖಣಿ ಕೆಳಗಿಟ್ಟರು. "ಹಂಪವ್ವ ಎಲ್ಲೆದಾಳ?"

"ಗೊತ್ತಿಲ್ಲ."

"ತಂಗಿ, ತಿಳದು ಮಾತಾಡು. ಹನ್ನೆರಡು ಕಿಲೋ ಆಗ್ತೈತಿ. ಊರ ಹೊರಗಿನ ಹೊಟ್ಟಿ ಬರಸಬಹುದು, ಕಟ್ಟಳಿ ಅಡ್ಡ ಬರೂದಿಲ್ಲ. ಆದ್ರ ಆಕಿ ಅವತ್ತ ಮಲಗದ ದುಡದ್ಲು ಅಂದ್ರ ನಿನ್ನ ಎದಿ ಒಡೀತೈತಿ. ಹಿಂದ ಒಮ್ಮೆ..." ಎಂದು ನನ್ನ ಕಡೆ ನೋಡಿ ಮಾತು ನುಂಗಿದರು.

"ಬರೀರಿ. ಕದ್ದು ಓಡಾಕ ನನಗ ಬರೂದಿಲ್ಲ" ಎಂದಳು.

ಅವರು ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ಒಂದು ಸಲ ಎದ್ದು ಹೋದವಳು ಮತ್ತೊಮ್ಮೆ ಎದ್ದು ಹೋಗುವುದಿಲ್ಲ ಎಂದು ಏನು ಗ್ಯಾರಂಟಿ, ಓಟ ಯಾವ ದಿನ ಎಂದು ಅವಳಿಗೆ ಹೇಳುವವರು ಯಾರು ಎಂದೆಲ್ಲ ಕೂಗಾಡಿದೆ. ಮಹಾನಂದಾ ಒಂದೇ ಮಾತು ಕೇಳಿದಳು. "ಅವತ್ತ ಆಕಿ ಎಲ್ಲಿಗೆ ಹೋಗಿದ್ಲು?" ಹತ್ತೊಂಬತ್ತು ವರ್ಷದಲ್ಲಿ ನನಗೇ ನಾನು ಕೇಳಿಕೊಳ್ಳದ ಪ್ರಶ್ನೆ ಅದು.

ಓಟದ ಬೆಳಗ್ಗೆ ಊರೇ ಮಲಗಿತ್ತು. ಒಂಬತ್ತು ಜನ ಓಡುವವರು, ಒಂಬತ್ತು ಮನೆಗಳಲ್ಲಿ ಹಾಸಿದ ಚಾಪೆಗಳು, ಓಣಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತ ಹೋಗುವ ಪಂಚರು. ಮೂರು ಸಲ ಹತ್ತಬೇಕು, ಯಾರೇ ತುದಿ ಮುಟ್ಟಿದರೂ ಮೇಲೆ ಗಂಟೆ ಹೊಡೆಯುತ್ತಾರೆ. ನಾನು ಅಂಗಾತ ಮಲಗಿ ಮಾಡಿನ ಜಂತಿ ಎಣಿಸುತ್ತಿದ್ದೆ. ಮೊದಲ ಏರು ನನ್ನ ತೊಡೆಯಲ್ಲಿ ಸಣ್ಣಗೆ ಉರಿಯಿತು, ಮೂರನೆಯ ಒಂದು ಪಾಲು, ಸರಿಯಾಗಿಯೇ ಇತ್ತು. ಎರಡನೆಯ ಏರು ಅರ್ಧಕ್ಕೆ ಬಂದಾಗ ಎಂಟು ಗಂಟೆಯಾಯಿತು. ನನ್ನ ಭುಜ ಜಗ್ಗಿತು.

ನನ್ನ ಬಾಯಿಂದ ಹೊರಟಿದ್ದು ಬೈಗುಳ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಜಗ್ಗಿತು, ಎರಡನೆಯ ಸಲ ಜಗ್ಗಿತು, ಮೂರನೆಯದಕ್ಕೆ ತೊಡೆಯ ಉರಿ ದಪ್ಪಗಾಯಿತು. ಮೇಲೆ ಮೆಟ್ಟಿಲಿನಲ್ಲಿ ಮಹಾನಂದಾ ತಡವರಿಸುತ್ತಿದ್ದಾಳೆ ಎಂದು ನನ್ನ ಕಾಲಿಗೇ ತಿಳಿಯಿತು. ಏಳಬೇಕು, ಓಡಬೇಕು, ಅವಳ ಪೆಟ್ಟಿಗೆ ಕಸಿದುಕೊಳ್ಳಬೇಕು ಅನ್ನಿಸಿತು. ಎದ್ದರೆ ಅದೂ ಅವಳ ಮೇಲೆಯೇ. ಕಿಟಕಿಯಲ್ಲಿ ಪಂಚನೊಬ್ಬ ಇಣುಕಿ ನಿಂತಿದ್ದ, ಅವನ ಭಯಕ್ಕೆ ಚಾಪೆ ಕಚ್ಚಿಕೊಂಡು ಬಿದ್ದಿದ್ದೆ. ನಾಲ್ಕನೆಯ ಜಗ್ಗು ನಡುವೆಯೇ ನಿಂತಿತು, ಹಗ್ಗ ಕೈಬಿಟ್ಟ ಹಾಗೆ. ಆಮೇಲೆ ಭುಜದಲ್ಲಿ ಏನೂ ಇಲ್ಲ. ಎಂದೂ ಇಲ್ಲದಷ್ಟು ಸುಮ್ಮನೆ. ಎಲ್ಲೋ ಒಂದು ಕಡೆ ಒಬ್ಬಾಕೆ, ಇದು ಪೆಟ್ಟಿಗೆ ಹೊತ್ತ ಕಾಲಿನ ಉರಿ ಎಂದು ಗುರುತು ಹಿಡಿದು, ಕೆಲಸ ಅಲ್ಲಿಗೇ ಬಿಟ್ಟು, ಬಾವಿಯ ಕಟ್ಟೆಯ ಮೇಲೋ ನೆಲದ ಮೇಲೋ ಮಲಗಿಬಿಟ್ಟಿದ್ದಳು.

ಮಹಾನಂದಾ ಗೆದ್ದಳು. ಹನ್ನೆರಡು ಕಿಲೋ ಹೊತ್ತು ಎರಡನೆಯವನಿಗಿಂತ ಇಪ್ಪತ್ತು ಮೆಟ್ಟಿಲು ಮುಂದೆ. ಮನೆಗೆ ಬಂದವಳು ಹಾರ ತೆಗೆದು ಮೊಳೆಗೆ ಹಾಕಿ, "ಮಲಗಿದ್ಲಲ್ಲ?" ಎಂದಷ್ಟೇ ಕೇಳಿದಳು. ನಾನು ತಲೆಯಾಡಿಸಿದೆ. ಆಮೇಲೆ ಮೂರು ದಿನ ಭುಜನೋವು ಬರಲೇ ಇಲ್ಲ. ಎಂಟು ಗಂಟೆಗೆ ಕಾಯುತ್ತ ಕೂರುತ್ತಿದ್ದೆ. ಅಕ್ಕನ ನೋವಿಗಾಗಿ ಹೀಗೆ ಕಾಯುವುದು ಯಾವ ಸೀಮೆಯ ಪ್ರೀತಿಯೋ ತಿಳಿಯದು, ಬಾರದೇ ಇದ್ದಾಗ ಊಟ ಸೇರುತ್ತಿರಲಿಲ್ಲ. ಅವಳಿಗೆ ಏನೋ ಆಗಿದೆ ಎಂದು ನಾನು, ನಮ್ಮ ಹೆಪ್ಪು ಬಿಟ್ಟಿರಬೇಕು ಎಂದು ಮಹಾನಂದಾ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಕಾಜ ಹೊಲಿಯುತ್ತಿದ್ದೆ, ಮಹಾನಂದಾ ಶೇಂಗಾ ಸುಲಿಯುತ್ತಿದ್ದಳು. ನನ್ನ ತೊಡೆಯ ಹಿಂಬದಿಯಲ್ಲಿ ಒಂದು ಎಳೆತ ಶುರುವಾಯಿತು. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಆ ಎಳೆತ ಏನೆಂದು ಹೇಳಬೇಕಾಗಿಲ್ಲ. ಮಹಾನಂದಾಳ ಕೈ ಮೊರದಲ್ಲೇ ನಿಂತಿತು.

"ನಾ ಕುಂತೀನಿ" ಎಂದಳು. "ನೀವೂ ಕುಂತೀರಿ."

"ಹೂಂ."

"ಯಾರೋ ಮೆಟ್ಟಲಾ ಹತ್ತಾಕ ಹತ್ಯಾರ."

ಸೂಜಿ ಎಲ್ಲಿ ಬಿತ್ತೋ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲು ದಾಟಿದ್ದೆ, ಮಹಾನಂದಾ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. "ಎಲ್ಲಿಗೆ? ನೀವು ಓಡಿದ್ರ ದಣಿವು ಆಕಿ ಕಾಲಿಗೆ ಬೀಳ್ತೈತಿ. ನಮ್ಮ ಮನಿ ಏಳುನೂರನೇ ಮೆಟ್ಟಲಾ. ಆ ವಯಸ್ಸಿನಾಕಿ ಏರಿ ಬರಬ್ಯಾಡೇನು? ಮಲಗ್ರಿ."

ಇಬ್ಬರೂ ಚಾಪೆ ಹಾಸಿದೆವು. ಬಾಗಿಲು ಪೂರಾ ತೆರೆದಿಟ್ಟು, ಮಟಮಟ ಮಧ್ಯಾಹ್ನ, ಹೆಣಗಳ ಹಾಗೆ ಅಂಗಾತ ಮಲಗಿದೆವು. ಹಾದುಹೋದ ಗುಂಡವ್ವ "ಏನ್ರೇ, ಮತ್ತೊಂದು ಓಟೇನು?" ಎಂದು ಕೇಳಿದಳು, ಉತ್ತರ ಕೊಡಲು ಕತ್ತು ಎತ್ತಲೂ ಹೆದರಿಕೆ. ಎಳೆತ ತೊಡೆಯಿಂದ ಮೊಣಕಾಲಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನಿಂತುಬಿಟ್ಟಿತು. ವಾಪಸು ತಿರುಗಿದಳೇ? ಬಿದ್ದಳೇ? "ಕುಂತಿರಬೇಕು. ಸುಧಾರಿಸ್ಕೊಳ್ಲಿ" ಎಂದು ಮಹಾನಂದಾ ನನ್ನ ಕೈ ಹಿಡಿದಳು. ಮತ್ತೆ ಶುರುವಾಯಿತು.

ಅವಳು ಅಕ್ಕನೇ ಆಗಿದ್ದರೆ ಏನು ಹೇಳಲು ಬರುತ್ತಿದ್ದಾಳೆ, ನನಗೆ ಗೊತ್ತಿಲ್ಲ. ಉಗಿಯಬಹುದು. ಅಂದು ಎಲ್ಲಿಗೆ ಎದ್ದು ಹೋಗಿದ್ದಳೆಂದು ಹೇಳಬಹುದು, ಹೇಳದೆಯೂ ಇರಬಹುದು. ಪ್ರೀತಿಯವರು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿರುವಾಗ ಅಲುಗಾಡದೆ ಬಿದ್ದಿರುವುದು ಎಷ್ಟು ಕಷ್ಟವೆಂದು, ಕಿಟಕಿಯಲ್ಲಿ ಯಾವ ಪಂಚನೂ ಇಲ್ಲದ ಆ ಮಧ್ಯಾಹ್ನ ನನಗೆ ತಿಳಿಯಿತು. ಎದ್ದು ಹೋದವಳಿಗೆ ನಾನು ಹತ್ತೊಂಬತ್ತು ವರ್ಷ ಬೈದಿದ್ದೆ. ಅವಳು ಅಂದು ನನ್ನ ಸಾವಿರನೆಯ ಮೆಟ್ಟಿಲಿನವರೆಗೆ ಹೇಗೆ ಮಲಗಿದ್ದಳೋ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮೊಣಕಾಲು ಚಿಟಿಚಿಟಿ ಎನ್ನುತ್ತಿತ್ತು. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.